ಮಾತಾಡದ ಗಿರಾಕಿಗಳ ತಲೆಕೂದಲು

ಸಾನ್ವಿ ಬ್ಯೂಟಿಷಿಯನ್ ಕೋರ್ಸಿಗೆ ಸೇರಿದ ದಿನ ನನಗೆ ಫೋನ್ ಮಾಡಿದಳು. "ಅಜ್ಜಿ, ನೀವು ಮೂಡುಬಿದಿರೆಯ ಪಾರ್ಲರಿನಲ್ಲಿ ಸರಿಯಾಗಿ ಎಂತ ಮಾಡ್ತಾ ಇದ್ದದ್ದು? ನಾನು ಹೇಳಿದರೆ ಕ್ಲಾಸಿನಲ್ಲಿ ಯಾರೂ ನಂಬುದಿಲ್ಲ" ಎಂದಳು. ಪಕ್ಕದಲ್ಲಿದ್ದ ಅವಳ ತಮ್ಮ ಪ್ರಣಮ್, "ಅಜ್ಜಿ ಗೊಂಬೆಗಳ ಹೇನು ತೆಗೀತಿದ್ದದ್ದು!" ಎಂದು ಬೊಬ್ಬೆ ಹೊಡೆದು ನಕ್ಕ. ಪ್ರಣಮ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಫೋನಿನಲ್ಲಿ ವಿವರಿಸಲು ನನಗೆ ಬರುವುದಿಲ್ಲ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡರೂ ನಾಲ್ಕು ಮಾತಿಗೇ ನಾಚಿಕೆಯಾಗಿ, "ಹೋಗಿ, ಚಾ ಕುಡಿಯಿರಿ" ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಮ್ಮ ಊರಿನ ಶಾಲೆಯಲ್ಲಿ ಏಳನೆಯವರೆಗೆ. ಅಲ್ಲಿ ಕಲಿತ ಕನ್ನಡವೇ ಇದು. ಇದರಲ್ಲಿ ಬರುವವರೆಲ್ಲ ಆಡಿದ್ದು ಹೆಚ್ಚಾಗಿ ತುಳು. ಅದನ್ನು ನಾನು ಕನ್ನಡ ಮಾಡಿದ್ದೇನೆ. ಲಿಲ್ಲಿ ಬಾಯಿಯ ಕೊಂಕಣಿ ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ, ಮಕ್ಕಳು ಓದುವಂಥದ್ದಲ್ಲ.

ಲಿಲ್ಲಿ ಬಾಯಿ ನನ್ನ ಧಣಿ. ಕೊಂಕಣಿಯವರು ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲೆ ಹೆಂಗಸರ ಬ್ಯೂಟಿ ಪಾರ್ಲರ್ ಇಟ್ಟಿದ್ದರು. ಅದಕ್ಕೂ ಮೊದಲು ಅವರು ಕುವೈತಿನಲ್ಲಿ ಒಂದು ದೊಡ್ಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರಂತೆ. ಆ ಮನೆಯ ಯಜಮಾನತಿಗೆ ಗೊಂಬೆಗಳ ಹುಚ್ಚು. ಮಕ್ಕಳ ತಲೆ ಬಾಚುವುದರ ಜೊತೆಗೆ ಗೊಂಬೆಗಳ ತಲೆಯನ್ನೂ ಸರಿ ಮಾಡುವ ಕೆಲಸ ಬಾಯಿಯ ಪಾಲಿಗೆ ಬಂತು. ಊರಿಗೆ ಬಂದ ಮೇಲೆ ಅವರ ಪಾರ್ಲರಿನ ಒಂದು ಮೂಲೆಯ ಕಪಾಟಿನಲ್ಲಿ ಗೊಂಬೆಗಳು ಸಾಲಾಗಿ ಕೂತವು. ಗಲ್ಫಿನಿಂದ ಬಂದವರು, ಮಂಗಳೂರಿನಲ್ಲಿ ಹಳೆಯ ಗೊಂಬೆ ಕೂಡಿಸಿ ಇಡುವವರು, ಬಾಲ್ಯದ ಗೊಂಬೆಯನ್ನು ಅಟ್ಟದಿಂದ ಇಳಿಸಿದವರು, ಹೀಗೆ ಒಬ್ಬೊಬ್ಬರಾಗಿ ಕೂದಲು ಸರಿ ಮಾಡಿಸಲು ತರುತ್ತಿದ್ದರು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಲ್ಲಿ ಕಸ ಗುಡಿಸಲು ಸೇರಿದೆ. ವಾಮದಪದವಿನಿಂದ ಬೆಳಗಿನ ಬಸ್ಸು, ಸಂಜೆ ವಾಪಸ್ಸು. ಒಂದು ದಿನ ಕೆಲಸದ ಹುಡುಗಿ ಬರಲಿಲ್ಲ. ಬಾಯಿ ನನ್ನನ್ನು ಕರೆದು ಒಬ್ಬ ಗಿರಾಕಿಯ ತಲೆಗೆ ಎಣ್ಣೆ ತಿಕ್ಕಲು ಹೇಳಿದರು. ಆ ಹೆಂಗಸು ಎದುರಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಲು ಶುರು ಮಾಡಿದಳು. ಯಾವ ಊರು? ಯಾವ ಮನೆತನ? ಗಂಡನಿಗೆ ಏನಾಗಿತ್ತು? ನಾನು ಉತ್ತರ ಕೊಡಲಾರದೆ ತಿಕ್ಕಿದೆ, ತಿಕ್ಕಿದೆ, ಎಣ್ಣೆ ಅವಳ ಕಿವಿಯಿಂದ ಇಳಿದು ರೇಷ್ಮೆ ರವಿಕೆಗೆ ಬಿತ್ತು.

ಅವಳು ಹೋದ ಮೇಲೆ ಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತರು. "ಗಿರಿಜಾ, ನಿನಗೆ ಬಾಯಿ ಇರುವ ತಲೆ ಆಗುದಿಲ್ಲ ಮಾರಾಯ್ತಿ. ಇಲ್ಲಿ ಬಾ. ಇವರು ನಿನ್ನತ್ರ ಒಂದು ಮಾತೂ ಕೇಳುದಿಲ್ಲ" ಎಂದು ಕಪಾಟಿನ ಬಾಗಿಲು ತೆರೆದರು.

ಹೀಗೆ ನನಗೆ ಬಡ್ತಿ ಸಿಕ್ಕಿತು. ಆಮೇಲೆ ಬೇರೆ ಬಡ್ತಿ ಬರಲಿಲ್ಲ, ಬೇಕೆಂದು ಅನಿಸಲೂ ಇಲ್ಲ.

ಬಾಯಿ ಕಲಿಸಿದ ಮೊದಲ ಪಾಠ ಗೊಂಬೆಯ ತಲೆಯನ್ನು ಮೂಸುವುದು. ನೀರಿಲ್ಲ, ಬಾಚಣಿಗೆಯಿಲ್ಲ, ಮೊದಲು ಮೂಗು. ಯಾಕೆಂದರೆ ನಮ್ಮ ಕಡೆಯ ಗೊಂಬೆಗಳಿಗೆ ಬರುವ ದೊಡ್ಡ ಕಾಯಿಲೆ ತೆಂಗಿನೆಣ್ಣೆ. ಗೊಂಬೆಯ ಕೂದಲು ಸ್ವಲ್ಪ ಕೆದರಿದರೆ ಸಾಕು, ಮನೆಯಲ್ಲಿರುವ ದೊಡ್ಡವರು, "ಪಾಪ, ತಲೆ ಒಣಗಿದೆ" ಎಂದು ಅಂಗೈ ತುಂಬ ಎಣ್ಣೆ ಹಾಕಿ ತಟ್ಟುತ್ತಾರೆ. ನಮ್ಮ ಕೂದಲು ಎಣ್ಣೆ ಕುಡಿಯುತ್ತದೆ, ನೈಲಾನ್ ಕುಡಿಯುವುದಿಲ್ಲ. ಎಣ್ಣೆ ಹಾಗೇ ನಿಂತು, ಧೂಳು ಹಿಡಿದು, ವರ್ಷ ಕಳೆದಂತೆ ಹಲಸಿನ ಮೇಣದ ಹಾಗಾಗುತ್ತದೆ.

ಎರಡನೆಯದು, ತುದಿಯಿಂದ ಬುಡದ ಕಡೆಗೆ ಬರುವುದು. ಬುಡದಿಂದ ಎಳೆದರೆ ಸಿಕ್ಕುಗಳೆಲ್ಲ ಕೆಳಗೆ ಹೋಗಿ ಒಟ್ಟಾಗಿ ಕೂರುತ್ತವೆ. ಸಾನ್ವಿ, ಇದು ಮನುಷ್ಯರಿಗೂ ಒಂದೇ. ನಿನ್ನ ಅಮ್ಮ ನಿನಗೆ ಬಾಚುವಾಗ ನೀನು ಊರಿಗೆ ಕೇಳುವ ಹಾಗೆ ಕಿರುಚುತ್ತಿದ್ದದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಎಣ್ಣೆ ತೆಗೆಯಲು ನಾನು ಮೊದಲು ಕಂಡುಕೊಂಡ ಉಪಾಯ ಕಡಲೆಹಿಟ್ಟು. ಮಗುವಿಗೆ ಎಣ್ಣೆ ಸ್ನಾನ ಮಾಡಿಸಿದರೆ ಕಡಲೆಹಿಟ್ಟು ಹಚ್ಚುವುದಿಲ್ಲವೇ, ಹಾಗೆ. ಬಾಯಿ ಇಲ್ಲದಾಗ ಒಂದು ಗೊಂಬೆಯ ನೆತ್ತಿಗೆ ಚೆನ್ನಾಗಿ ಕಲಸಿ ಹಚ್ಚಿದೆ. ತೊಳೆಯಲು ಹೋದರೆ ಬರಲೊಲ್ಲದು. ಬಾಯಿ ಬಂದು ನೋಡಿ, "ಎಣ್ಣೆ ಉಂಟು, ಹಿಟ್ಟು ಉಂಟು. ಇನ್ನು ನೀರುಳ್ಳಿ ಹೆಚ್ಚಿ ಹಾಕು, ನಾನು ಒಲೆ ಹೊತ್ತಿಸ್ತೇನೆ" ಎಂದರು. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆ ಎಳೆಯಾಗಿ ಬಿಡಿಸಿದೆ.

ಅದಕ್ಕಿಂತ ದೊಡ್ಡ ಎಡವಟ್ಟು ಮಳೆಗಾಲದಲ್ಲಿ ಆಯಿತು. ಬಂಟ್ವಾಳದ ಒಂದು ಮನೆಯಿಂದ ಬಂದ ಗೊಂಬೆ, ಮಸ್ಕತ್ತಿನಿಂದ ತಂದದ್ದು, ಕಪ್ಪು ಗುಂಗುರು ಕೂದಲು. ತೊಳೆದೆ, ಬಿಡಿಸಿದೆ, ಒಣಗಲಿಲ್ಲ. ಆಟಿ ತಿಂಗಳ ಮಳೆ, ಬಟ್ಟೆಯೇ ಒಣಗುವುದಿಲ್ಲ, ಇದೆಲ್ಲಿ ಒಣಗುತ್ತದೆ? ನಮ್ಮ ಮನೆಗಳಲ್ಲಿ ಎಳೆ ಮಕ್ಕಳಿಗೆ ಸ್ನಾನವಾದ ಮೇಲೆ ಹೇಗೆ ಮಾಡುತ್ತೇವೋ ಹಾಗೇ ಮಾಡಿದೆ. ಹಿಂದಿನ ಜಗಲಿಯಲ್ಲಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಕವುಚಿ, ಗೊಂಬೆಯನ್ನು ಮಲಗಿಸಿ ಕೂದಲನ್ನು ಬುಟ್ಟಿಯ ಮೇಲೆ ಹರಡಿದೆ. ಹೊಗೆ ಚೆನ್ನಾಗಿ ಬಂತು. ಸ್ವಲ್ಪ ಹೊತ್ತಿನಲ್ಲಿ ಸಾಂಬ್ರಾಣಿಯದಲ್ಲದ ಒಂದು ವಾಸನೆಯೂ ಬಂತು. ಎತ್ತಿ ನೋಡಿದರೆ ತುದಿಗಳೆಲ್ಲ ಮುರುಟಿ, ಸಾಸಿವೆ ಕಾಳಿನ ಹಾಗೆ ಗುಂಡಗಾಗಿದ್ದವು.

ಬಾಯಿ ವಾಸನೆಗೆ ಓಡಿ ಬಂದರು. "ಇದೆಂತ ಬಾಳಂತಿ ಕೋಣೆಯಾ? ಹೊಗೆ ಆಯ್ತು, ಇನ್ನು ದೃಷ್ಟಿಬೊಟ್ಟೂ ಇಡು!" ಎಂದು ಕಿರುಚಿದರು.

ನಾನು ತಲೆ ತಗ್ಗಿಸಿದೆ. ಕೆನ್ನೆಗೆ ಸಣ್ಣದೊಂದು ಬೊಟ್ಟು ಮೊದಲೇ ಇಟ್ಟಾಗಿತ್ತು. ಅದನ್ನು ಕಂಡ ಮೇಲೆ ಬಾಯಿಗೆ ಬೈಯಲು ಆಗಲಿಲ್ಲ, ಗೋಡೆ ಹಿಡಿದುಕೊಂಡು ನಗಲು ಶುರು ಮಾಡಿದರು. ಗೊಂಬೆಯ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸುಟ್ಟ ತುದಿ ಕತ್ತರಿಸಿ ಗಿಡ್ಡ ಕೂದಲು ಮಾಡಿ ಕೊಟ್ಟೆವು. ಆ ಮನೆಯಾಕೆ ತನ್ನ ಅತ್ತೆಯ ಮುಖ ನೋಡಿ, "ಕಂಡಿರಾ ಅತ್ತೆ, ನೀವು ಹೇಳಿದ ಹಾಗೆ ಮಗುವಿನ ತಲೆಗೆ ಹೊಗೆ ಹಾಕದಿದ್ದದ್ದು ಎಷ್ಟು ಒಳ್ಳೆಯದಾಯ್ತು" ಎಂದಳಂತೆ.

ಆಮೇಲೆ ಬಾಯಿ ನನಗೆ ಕೂದಲಿನ ಜಾತಿ ನೋಡಲು ಕಲಿಸಿದರು. ಉದುರಿದ ಒಂದೇ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸುವುದು. ಕರಗಿ ಮಣಿಯಾದರೆ ಪ್ಲಾಸ್ಟಿಕ್ಕಿನ ಜಾತಿ. ಅದಕ್ಕೆ ಹದವಾದ ಬಿಸಿನೀರು ಹೊಯ್ದರೆ ಉಬ್ಬಿದ ಕೂದಲು ಮಲಗುತ್ತದೆ. ಗುಂಗುರು ಬೇಕಾದರೆ ಒದ್ದೆ ಇರುವಾಗಲೇ ಎಳನೀರು ಕುಡಿಯುವ ಸ್ಟ್ರಾಗೆ ಸುತ್ತಿ, ಬಿಸಿನೀರು ಹೊಯ್ದು, ಪೂರ್ತಿ ಒಣಗುವವರೆಗೆ ಬಿಡಬೇಕು. ಸುಟ್ಟ ಉಣ್ಣೆಯ ವಾಸನೆ ಬಂದರೆ ಅದು ಆಡಿನ ಕೂದಲು, ಬಹಳ ಹಳೆಯ ಗೊಂಬೆಗಳಿಗೆ ಇರುವುದು. ಅದಕ್ಕೆ ಬಿಸಿನೀರು ತೋರಿಸಲೂಬಾರದು.

ಚಾರ್ಮಾಡಿ ಕಡೆಯಿಂದ ಒಬ್ಬಳು ತಾಯಿ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಕೊಂಡು ತಂದ ಗೊಂಬೆಗೆ ಇವು ಯಾವುವೂ ಬೇಕಾಗಲಿಲ್ಲ. ಅದರ ತಲೆ ನುಣ್ಣಗೆ ಬೋಳಾಗಿತ್ತು. ದುಬೈಯಿಂದ ತರಿಸಿ ಪೆಟ್ಟಿಗೆಯಿಂದ ತೆಗೆಯದೆ ಇಟ್ಟಿದ್ದ ಗೊಂಬೆ. ಅವಳ ಸಣ್ಣ ಮಗನ ಮುಡಿ ತೆಗೆಸಲು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದರು. ಮಗಳು ಅದನ್ನೆಲ್ಲ ಕಣ್ಣು ಬಿಟ್ಟು ನೋಡಿ, ಮನೆಗೆ ಬಂದು, ಅಪ್ಪನ ರೇಜರಿನಲ್ಲಿ ಗೊಂಬೆಯ ಮುಡಿಯನ್ನೂ ತೆಗೆದಿದ್ದಳು. ತಲೆಗೆ ಗಂಧವನ್ನೂ ಬಳಿದಿದ್ದಳು.

"ಇವಳಿಗೆ ಎರಡು ಕೊಡುವ ಅಂತ ಕೈ ಎತ್ತಿದೆ ಅಕ್ಕ. ಆದರೆ ದೇವರ ಹೆಸರು ಹೇಳ್ತಾಳೆ. ಹೇಗೆ ಹೊಡೆಯುದು?" ಎಂದು ತಾಯಿ ಅಳು ನಗು ಎರಡೂ ಸೇರಿಸಿ ಹೇಳಿದಳು.

ಹೊಸ ಕೂದಲು ನಾಟಬೇಕಾಯಿತು. ಗೊಂಬೆಯ ತಲೆಯಲ್ಲಿ ಸಣ್ಣ ಸಣ್ಣ ತೂತುಗಳ ಸಾಲು ಇರುತ್ತದೆ. ಒಂದೊಂದಕ್ಕೂ ಸೂಜಿಯಿಂದ ನಾಲ್ಕೈದು ಎಳೆ ಇಳಿಸಿ ಒಳಗಿನಿಂದ ಹಿಡಿಸಬೇಕು. ಗದ್ದೆಯಲ್ಲಿ ಬಾಗಿ ಬಾಗಿ ಭತ್ತದ ನೇಜಿ ನೆಟ್ಟ ಹಾಗೆ, ಸೊಂಟದ ಬದಲು ಕುತ್ತಿಗೆ ನೋಯುತ್ತದೆ ಅಷ್ಟೇ. ಎಷ್ಟೋ ವಾರ ಹಿಡಿಯಿತು. ಮುಗಿದಾಗ ಕೂದಲು ಸೊಂಟದವರೆಗೆ, ನೀರು ಹರಿದ ಹಾಗೆ. ನನಗೇ ಹೆಮ್ಮೆ. ಆ ಹುಡುಗಿ ಬಂದು ನೋಡಿ ಮುಖ ಊದಿಸಿಕೊಂಡಳು.

"ತಮ್ಮನಿಗೆ ಇನ್ನೂ ಇಷ್ಟೇ ಬಂದದ್ದು," ಎಂದು ಬೆರಳಿನ ತುದಿ ತೋರಿಸಿದಳು. "ಇದಕ್ಕೆ ಹೇಗೆ ಇಷ್ಟು ಬೇಗ ಬಂತು? ಇದು ಕಳ್ಳ ಕೂದಲು."

ತಾಯಿ ಸಮಾಧಾನ ಮಾಡಿದರೂ ಕೇಳಲಿಲ್ಲ. ಕೊನೆಗೆ ಬಾಯಿ ಅವಳೆದುರು ಬಗ್ಗಿ ಕೂತು, "ಹೆಣ್ಣುಮಕ್ಕಳಿಗೆ ಬೇಗ ಬರ್ತದೆ ಮಗಾ, ನಿನಗೆ ಗೊತ್ತಿಲ್ವಾ?" ಎಂದರು. ಹುಡುಗಿ ತನ್ನ ಜಡೆ ಮುಟ್ಟಿ ನೋಡಿಕೊಂಡು ಒಪ್ಪಿದಳು. ಬಾಯಿಯ ಹತ್ತಿರ ಕಲಿಯಬೇಕಾದದ್ದು ಕೂದಲಿನ ಕೆಲಸ ಮಾತ್ರವಲ್ಲ ಎಂದು ನನಗೆ ಅನಿಸಿದ್ದು ಆಗ. ಆದರೆ ಅವರ ಹಾಗೆ ಮಾತಾಡಲು ನಾನು ಕಲಿಯಲೇ ಇಲ್ಲ. ಕಲಿಯದಿದ್ದರೂ ಒಂದು ದಿನ ಮಾತಾಡಲೇಬೇಕಾಗಿ ಬಂತು. ಈಗ ಬರೆಯುವುದು ಅದನ್ನು.

ಆಗ ಎಲ್ಲರ ಕೈಯಲ್ಲೂ ದೊಡ್ಡ ಫೋನು ಬಂದಿತ್ತು. ಬಾಯಿ ಗೊಂಬೆ ಬಂದ ಕೂಡಲೇ 'ಮೊದಲು' ಎಂದು ಒಂದು ಫೋಟೊ, ಕೆಲಸ ಮುಗಿದ ಮೇಲೆ 'ಆಮೇಲೆ' ಎಂದು ಇನ್ನೊಂದು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದರು. ಕೆಲಸ ಹೆಚ್ಚಾದದ್ದು ಅದರಿಂದಲೇ. ತಂಟೆ ಶುರುವಾದದ್ದೂ ಅದರಿಂದಲೇ.

ಮೂಡುಬಿದಿರೆಯ ಒಂದು ಹಳೆಯ ಜೈನ ಮನೆತನದ ಸುನಂದಮ್ಮ ಎಂಬವರು ಒಂದು ಗೊಂಬೆ ತಂದರು. ಎಪ್ಪತ್ತು ದಾಟಿದವರು, ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು, ಮಾತೂ ಅಷ್ಟೇ ಬಿಗಿ. ಅವರು ಸಣ್ಣವರಿದ್ದಾಗ ಅಪ್ಪ ಬೊಂಬಾಯಿಯಿಂದ ತಂದ ವಿಲಾಯತಿ ಗೊಂಬೆಯಂತೆ. ಮಲಗಿಸಿದರೆ ಕಣ್ಣು ಮುಚ್ಚುತ್ತದೆ. ಕೂದಲು ಹೊಂಬಣ್ಣ ಇದ್ದಿರಬೇಕು. ನಾನು ನೋಡುವಾಗ ಅದು ತೆಂಗಿನ ನಾರಿನ ಗುಡ್ಡೆ. ಹಿಂದೆ ಒಂದು ದಪ್ಪ ಜಡೆ, ಅದಕ್ಕೆ ಕಪ್ಪಾಗಿ ಒಣಗಿದ ಏನೋ ಅಂಟಿಕೊಂಡಿತ್ತು. ಒಂದು ಎಳೆ ಸುಟ್ಟು ನೋಡಿದೆ. ಆಡಿನ ಕೂದಲು ಎಂದೆ.

ಸುನಂದಮ್ಮ ಗಾಬರಿಯಾದರು. "ಆಡಿಗೆ ಎಂತದೂ ಮಾಡಿರ್ಲಿಕ್ಕಿಲ್ಲ ಅಲ್ವಾ?"

"ಇಲ್ಲಮ್ಮ, ಕೂದಲು ಕತ್ತರಿಸುದು ಅಷ್ಟೇ" ಎಂದೆ. ಅವರಿಗೆ ಜೀವ ಬಂತು.

ಆಮೇಲೆ ವಿಷಯ ಹೇಳಿದರು. ಅವರಿಗೆ ಒಬ್ಬಳು ತಂಗಿ, ವಿಮಲಮ್ಮ, ಮದುವೆಯಾಗಿ ಬೆಳ್ತಂಗಡಿಯಲ್ಲಿದ್ದಾರೆ. ಈ ಗೊಂಬೆಯ ಕೂದಲು ಹಾಳು ಮಾಡಿದ್ದು ಯಾರು ಎಂದು ಅಕ್ಕತಂಗಿಯರಿಗೆ ಬಾಲ್ಯದಿಂದ ಜಗಳ. ಆಗ ಅಪ್ಪ ಸಿಟ್ಟಿನಿಂದ ಇಬ್ಬರಿಗೂ ಬೈದು, ಗೊಂಬೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇಬ್ಬರಿಗೂ ಮತ್ತೆ ಆಡಲು ಸಿಗಲಿಲ್ಲ. ದೊಡ್ಡವರಾದ ಮೇಲೆ ಅದು ತಮಾಷೆಯ ಮಾತಾಗಿತ್ತು. ಆದರೆ ತಾಯಿ ಹೋದ ಮೇಲೆ ಮನೆಯ ಸಾಮಾನು ಹಂಚುವಾಗ ಗೊಂಬೆ ಹೊರಗೆ ಬಂತು. "ನೀನೇ ಇಟ್ಟುಕೋ, ಹಾಳು ಮಾಡಿದವಳು ನೀನಲ್ವಾ" ಎಂದು ತಂಗಿ ಅಂದರು. ತಾಯಿ ಹೋದ ದುಃಖದಲ್ಲಿ ಅಕ್ಕನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ಒಬ್ಬರ ಮನೆಗೆ ಒಬ್ಬರು ಕಾಲಿಟ್ಟಿಲ್ಲ.

ಈಗ ಸುನಂದಮ್ಮನ ಮೊಮ್ಮಗಳಿಗೆ ಮದುವೆ. ಮದುವೆಯ ಹೇಳಿಕೆ ಎಂದರೆ ನಿಮಗೆ ಫೋನಿನಲ್ಲಿ ಬರುವ ಚಿತ್ರ. ನಮಗೆ ಹಾಗಲ್ಲ. ಒಡಹುಟ್ಟಿದವಳ ಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಿ ಬಿಟ್ಟು ಕರೆಯಬೇಕು. ಕರೆಯದಿದ್ದರೆ ಬರುವುದಿಲ್ಲ, ಬರಬೇಕಾದವಳು ಬಾರದ ಮದುವೆಯಲ್ಲಿ ಹಿರಿಯರಿಗೆ ಊಟ ಸೇರುವುದಿಲ್ಲ.

"ತಪ್ಪು ಒಪ್ಪಿಕೊಳ್ಳದೆ ನನ್ನ ಮೆಟ್ಟಿಲು ಹತ್ತಬೇಡ ಅಂದಿದ್ದಾಳೆ. ಮಾಡದ ತಪ್ಪು ಹೇಗೆ ಒಪ್ಪುದು ಗಿರಿಜಾ? ಇದರ ತಲೆ ಸರಿಯಾದರೆ ಇದನ್ನೇ ಹಿಡಿದುಕೊಂಡು ಹೋಗ್ತೇನೆ. ಬಾಗಿಲು ತೆಗೆದರೆ ತೆಗೀಲಿ" ಎಂದರು ಸುನಂದಮ್ಮ. ಬಿಗಿಯಾದ ಮಾತು ಅಲ್ಲಿ ಸ್ವಲ್ಪ ಸಡಿಲವಾಯಿತು.

ಬಾಯಿ ಎಂದಿನಂತೆ 'ಮೊದಲು' ಫೋಟೊ ಹಾಕಿದರು. ವಿಮಲಮ್ಮನ ಸೊಸೆ ನಮ್ಮ ಗಿರಾಕಿ. ಮರುದಿನ ಮಧ್ಯಾಹ್ನದ ಬೆಳ್ತಂಗಡಿ ಬಸ್ಸಿನಲ್ಲಿ ವಿಮಲಮ್ಮ ಬಂದಿಳಿದರು. ಅಕ್ಕನ ಹಾಗೆಯೇ ಮುಖ, ಆದರೆ ಮಾತು ಚೀಲ ಹರಿದ ಅಕ್ಕಿ.

"ಆ ಗೊಂಬೆಗೆ ಯಾರೂ ಬಾಚಣಿಗೆ ಮುಟ್ಟಿಸಬಾರದು. ಅದು ಸಾಕ್ಷಿ! ಅವಳು ಎಣ್ಣೆ ಸುರಿದದ್ದು ಹಾಗೇ ಉಂಟು ಅದರಲ್ಲಿ. ತೊಳೆದುಬಿಟ್ಟರೆ ನಾನು ಎಂತ ತೋರಿಸ್ಲಿ?"

"ಅಮ್ಮಾ, ಇದು ಪಾರ್ಲರು, ಕೋರ್ಟಲ್ಲ" ಎಂದರು ಬಾಯಿ.

"ಕೋರ್ಟಿಗೆ ಹೋದರೆ ನಮ್ಮ ಕಾಲದಲ್ಲಿ ಮುಗೀತದಾ ಬಾಯಿ?" ಎಂದು ವಿಮಲಮ್ಮ ನನ್ನ ಕಡೆ ತಿರುಗಿದರು. "ನೀನು ಬಿಡಿಸು. ಆದರೆ ಒಳಗಿಂದ ಎಂತೆಲ್ಲ ಬರ್ತದೆ, ಅದನ್ನು ಒಂದು ತಟ್ಟೆಯಲ್ಲಿ ತೆಗೆದಿಡು. ನಾನು ನೋಡಬೇಕು."

ಸುನಂದಮ್ಮನಿಗೆ ತಿಳಿಸಿದರೆ ಅವರೂ, "ಹೌದು, ತಟ್ಟೆಯಲ್ಲಿ ಇಡು. ಅವಳು ಹಾಕಿದ ಮೊಗ್ಗಿನ ಜಡೆಯ ನೂಲೂ ಅದರಲ್ಲೇ ಉಂಟು" ಎಂದರು.

ಅಂದಿನಿಂದ ನನಗೆ ರಾಜೋಪಚಾರ. ಅಕ್ಕ ಹಲಸಿನ ಹಪ್ಪಳ ಕಳುಹಿಸಿದರು. ತಂಗಿ ಸೊಸೆಯ ಕೈಯಲ್ಲಿ ಪುನರ್ಪುಳಿ ಶರಬತ್ತು ಕೊಟ್ಟು ಕಳುಹಿಸಿದರು. "ಜಡ್ಜು ಲಂಚ ತಿನ್ನಬಾರದು. ಅದನ್ನೆಲ್ಲ ಇಲ್ಲಿ ಇಡು" ಎಂದು ಬಾಯಿ ಹಪ್ಪಳವನ್ನು ತಮ್ಮ ಮನೆಗೆ ಒಯ್ದರು. ನನಗೆ ಹಪ್ಪಳವೂ ಬೇಡ, ತೀರ್ಪೂ ಬೇಡವಾಗಿತ್ತು. ಇಬ್ಬರಲ್ಲಿ ಯಾರ ಹೆಸರು ಹೇಳಿದರೂ ಮದುವೆಯ ಬಾಗಿಲು ಮುಚ್ಚುವುದು ನನ್ನ ಕೈಯಿಂದ. ರಾತ್ರಿ ಊಟ ಮಾಡುವಾಗಲೂ ಅದೇ ಯೋಚನೆ.

ಕೆಲಸ ಮಾತ್ರ ಚೆನ್ನಾಗಿತ್ತು. ಆ ಕೂದಲನ್ನು ನೀರಿನಲ್ಲಿ ಅದ್ದುವಂತಿರಲಿಲ್ಲ, ಹಳೆಯ ಅಂಟು ಬಿಟ್ಟು ಕೂದಲಿನ ಟೊಪ್ಪಿಯೇ ಕಳಚಿ ಬರುತ್ತದೆ. ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ, ಕಂಡೀಷನರ್ ಹಚ್ಚಿ, ಮೊಂಡು ಸೂಜಿಯಿಂದ ಗಂಟು ಸಡಿಲಿಸಬೇಕು. ಮೊದಲು ಬಂದದ್ದು ನೂಲು, ಬಾಳೆಯ ನಾರು, ಮುಟ್ಟಿದರೆ ಪುಡಿಯಾಗುವ ಮಲ್ಲಿಗೆಯ ಮೊಗ್ಗು. ಅದರ ಕೆಳಗೆ ಎಣ್ಣೆಯ ಮೇಣ. ಇಬ್ಬರು ಹೇಳಿದ್ದೂ ನಿಜ.

ಎಣ್ಣೆಯ ಕೆಳಗೆ ಬುಡದಲ್ಲಿ ಇನ್ನೂ ಗಟ್ಟಿಯಾದ ಗಂಟುಗಳಿದ್ದವು. ಕೂದಲು ಅಲ್ಲಿ ಹಿಂಜಿದ ಹತ್ತಿಯ ಹಾಗೆ ಉಬ್ಬಿ, ಒಂದರೊಳಗೊಂದು ಹೊಕ್ಕಿತ್ತು. ಸೂಜಿಗೆ ಏನೋ ಗಟ್ಟಿ ತಾಗಿತು. ಚಿಮುಟದಿಂದ ತೆಗೆದೆ. ಕಪ್ಪು ಮರದ ಸಣ್ಣ ಚೂರು, ಸೂಜಿಯಷ್ಟು ತೆಳು. ಹುಡುಕಿದರೆ ಹಿಂಭಾಗದಲ್ಲಿ ಇನ್ನೊಂದು, ಕಿವಿಯ ಹತ್ತಿರ ಮತ್ತೊಂದು. ಅದೇನೆಂದು ನನಗೆ ಕೂಡಲೇ ಗೊತ್ತಾಯಿತು. ನಿಮಗೆ ಗೊತ್ತಾಗುವುದಿಲ್ಲ, ನಿಮ್ಮ ತಲೆಗೆ ಈಗ ಔಷಧ ಹಾಕುತ್ತಾರೆ.

ಹೇಳಿದ ದಿನ ಇಬ್ಬರೂ ಬಂದರು. ಪಾರ್ಲರಿನ ಎರಡು ಕುರ್ಚಿಗಳಲ್ಲಿ, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕೂತರು. ಒಬ್ಬರನ್ನೊಬ್ಬರು ನೇರ ನೋಡದೆ ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದರು. ಬಾಯಿ ನನ್ನನ್ನು ಮುಂದೆ ತಳ್ಳಿದರು. ಗೊಂಬೆಯನ್ನು ತೊಡೆಯ ಮೇಲಿಟ್ಟು ಒಂದು ಎಳೆ ಬಿಡಿಸಲು ಶುರು ಮಾಡಿದೆ, ಕೈ ಓಡಿದ ಮೇಲೆ ಮಾತೂ ಸ್ವಲ್ಪ ಬಂತು. ಗೊಂಬೆಯ ತಲೆಯನ್ನೇ ನೋಡುತ್ತಾ ಹೇಳಿದೆ.

"ಮೇಲೆ ನೂಲು ಮತ್ತು ಮೊಗ್ಗು. ಅದು ವಿಮಲಮ್ಮನದು."

"ಕೇಳಿದೆಯಾ!" ಎಂದರು ಸುನಂದಮ್ಮ, ಖಾಲಿ ಕುರ್ಚಿಗೆ.

"ಅದರ ಕೆಳಗೆ ಎಣ್ಣೆ. ಅದು ಸುನಂದಮ್ಮನದು."

"ಕೇಳಿದೆಯಾ!" ಎಂದರು ವಿಮಲಮ್ಮ, ಅದೇ ಕುರ್ಚಿಗೆ.

"ಆದರೆ ಸಿಕ್ಕು ಇರುದು ಅದಕ್ಕೂ ಕೆಳಗೆ. ಎಣ್ಣೆ ಹಾಕುವಾಗಲೇ ಕೂದಲು ಹಾಳಾಗಿತ್ತು."

"ಅದನ್ನೇ ನಾನು ಅಂದಿನಿಂದ ಬೊಬ್ಬೆ ಹೊಡೀತಾ ಇದ್ದೇನೆ," ಎಂದರು ಸುನಂದಮ್ಮ. "ನಾನು ತೆಗೆದುಕೊಳ್ಳುವಾಗಲೇ ಸಿಕ್ಕು ಆಗಿತ್ತು. ಇವಳು ಎಂತದೋ ಮಾಡಿದ್ದಾಳೆ, ಅಪ್ಪ ನೋಡಿದರೆ ಇವಳಿಗೆ ಬೀಳ್ತದೆ ಅಂತ ಎಣ್ಣೆ ಹಾಕಿ ಬಿಡಿಸುವ ಅಂತ ಹೋದೆ."

ವಿಮಲಮ್ಮ ಈಗ ಕನ್ನಡಿ ಬಿಟ್ಟು ನೇರ ತಿರುಗಿದರು. "ನೀನು ಮಾಡಿದ್ದು ಅಪ್ಪನಿಗೆ ಗೊತ್ತಾಗಬಾರದು ಅಂತಲ್ವಾ ನಾನು ಮೊಗ್ಗಿನ ಜಡೆ ಹಾಕಿ ಮುಚ್ಚಿದ್ದು! ಹೂವು ಕೀಳ್ಲಿಕ್ಕೆ ಹೋಗಿ ಕೈಯೆಲ್ಲ ಗೀರಿತ್ತು ನನಗೆ."

"ಹಾಗಾದರೆ ಮಾಡಿದ್ದು ಯಾರು? ಗೊಂಬೆಯೇ ಎದ್ದು ಬಾಚಿಕೊಂಡಿತಾ?" ಎಂದರು ಸುನಂದಮ್ಮ.

ನಾನು ತಟ್ಟೆಯನ್ನು ಖಾಲಿ ಕುರ್ಚಿಯ ಮೇಲಿಟ್ಟೆ. ಮೂರು ಕಪ್ಪು ಚೂರುಗಳು. "ಹೇನಿನ ಬಾಚಣಿಗೆಯ ಹಲ್ಲು, ಅಮ್ಮ" ಎಂದೆ.

ಇಬ್ಬರೂ ಬಗ್ಗಿ ನೋಡಿದರು. ಸುನಂದಮ್ಮ ಕನ್ನಡಕ ಏರಿಸಿದರು. ವಿಮಲಮ್ಮ ತಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು.

"ಅಮ್ಮನ ಬಾಚಣಿಗೆ," ಎಂದರು ಮೆಲ್ಲಗೆ. "ಅಕ್ಕ, ಅದರಲ್ಲಿ ನಡುವೆ ಹಲ್ಲು ಇರ್ಲಿಲ್ಲ, ನೆನಪುಂಟಾ? ಮಜ್ಜಿಗೆ ಮಾರುವವಳ ಬೊಚ್ಚು ಬಾಯಿಯ ಹಾಗೆ ಉಂಟು ಅಂತ ನೀನೇ ಹೇಳ್ತಿದ್ದೆ."

ಅವರ ತಾಯಿ ವಾರಕ್ಕೊಂದು ದಿನ ಮಕ್ಕಳನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಿಸುತ್ತಿದ್ದರಂತೆ. ಹೇನನ್ನು ಕೊಲ್ಲುವುದಿಲ್ಲ. ಬಾಚಿ ತೆಗೆದು ಬಾಳೆ ಎಲೆಯ ಮೇಲೆ ಹಾಕಿ, ಹಿತ್ತಿಲು ದಾಟಿ ಬಿಟ್ಟು ಬರುತ್ತಿದ್ದರು. ಎಷ್ಟು ಬಾಚಿದರೂ ಮಕ್ಕಳ ತಲೆಗೆ ಮತ್ತೆ ಬರುತ್ತಿತ್ತು.

"ಗೊಂಬೆಯನ್ನು ನಡುವೆ ಮಲಗಿಸಿಕೊಳ್ತಿದ್ದೆವು," ಎಂದರು ಸುನಂದಮ್ಮ. "ಅದರ ತಲೆಯಿಂದಲೇ ಬರುದು ಅಂತ ಅಮ್ಮ ಅದಕ್ಕೂ ಬಾಚಿದ್ದಾಳೆ. ಹಲ್ಲು ಮುರಿಯುವಷ್ಟು ಬಾಚಿದ್ದಾಳೆ!"

"ಬಾಚಿದ್ದು ಇರ್ಲಿ. ಅಪ್ಪ ನಮಗೆ ಬೈಯುವಾಗ, ಎಲ್ಲ ಗೊತ್ತಿದ್ದ ಅಮ್ಮ ಎಂತ ಮಾಡ್ತಿದ್ದಳು, ಹೇಳು?"

ಸುನಂದಮ್ಮ ಯೋಚಿಸಿದರು. ಅವರ ಬಿಗಿಯಾದ ಮುಖ ಒಂದು ಕಡೆಯಿಂದ ಬಿಚ್ಚಲು ಶುರುವಾಯಿತು. "ಮಜ್ಜಿಗೆ ಕಡೀತಿದ್ದಳು."

"ಹೇಗೆ ಕಡೀತಿದ್ದಳು!"

"ಅಪ್ಪನ ಬೊಬ್ಬೆ ಕೇಳದಷ್ಟು ಜೋರು!"

ಅಕ್ಕತಂಗಿಯರು ನಕ್ಕ ನಗುವಿಗೆ ಕೆಳಗಿನ ಅಂಗಡಿಯವನು ಮೇಲೆ ಹತ್ತಿ ಬಂದು ಬಾಗಿಲಲ್ಲಿ ನಿಂತ. ಬಾಯಿ ಅವನನ್ನು, "ಗಂಡಸರಿಗೆ ಒಳಗೆ ಇಲ್ಲ" ಎಂದು ಅಟ್ಟಿದರು. ನಗುತ್ತಾ ನಗುತ್ತಾ ವಿಮಲಮ್ಮನಿಗೆ ಅಳು ಬಂತು. ತಟ್ಟೆಯಿದ್ದ ಕುರ್ಚಿಯಿಂದ ತಟ್ಟೆಯನ್ನೆತ್ತಿ ಬಾಯಿಯ ಕೈಗೆ ಕೊಟ್ಟು, ತಾವೇ ಅಲ್ಲಿ ಬಂದು ಕೂತರು.

ಸುನಂದಮ್ಮ ಕೈಚೀಲದಿಂದ ಕುಂಕುಮದ ಭರಣಿ ತೆಗೆಯಲು ಹೋದರು. ವಿಮಲಮ್ಮ ಕೈ ಹಿಡಿದರು.

"ಇಲ್ಲಿ ಬೇಡ. ಪಾರ್ಲರಿನಲ್ಲಿ ಕರೀಲಿಕ್ಕೆ ನಾನು ಯಾರು, ಗಿರಾಕಿಯಾ? ಮನೆಗೆ ಬಾ. ಅಪ್ಪೆಹುಳಿ ಮಾಡಿಡ್ತೇನೆ."

"ತಪ್ಪು ಒಪ್ಪದೆ ಮೆಟ್ಟಿಲು ಹತ್ತಬಾರದಲ್ಲ?"

"ಅಮ್ಮನ ತಪ್ಪನ್ನು ಇನ್ನು ಯಾರ ಹತ್ತಿರ ಒಪ್ಪಿಸುದು? ಸುಮ್ಮನೆ ಬಾ."

ಆ ಕೂದಲು ಹೊಸದಾಗಲಿಲ್ಲ. ಆಡಿನ ಕೂದಲು ಒಮ್ಮೆ ಹಾಗೆ ಹಿಂಜಿದರೆ ಮೊದಲಿನ ಹೊಳಪು ಬರುವುದಿಲ್ಲ. ಆದರೆ ಸಿಕ್ಕೆಲ್ಲ ಬಿಟ್ಟು, ಮಾಸಿದ ಹೊಂಬಣ್ಣ ಕಂಡಿತು. ಅದನ್ನು ಸಡಿಲವಾಗಿ ಸ್ಟ್ರಾಗೆ ಸುತ್ತಿ, ಬಿಸಿನೀರು ತೋರಿಸದೆ, ಗಾಳಿಗೆ ಬಿಟ್ಟು ಅಲೆ ಬರಿಸಿದೆ. ಸುನಂದಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಳ್ತಂಗಡಿಗೆ ಹೋದರು ಎಂದು ಆಮೇಲೆ ಗೊತ್ತಾಯಿತು.

ಒಂದು ವಾರ ಕಳೆದು, ಒಂದು ಆದಿತ್ಯವಾರ ನಾನು ಮನೆಯಲ್ಲಿದ್ದೆ. ಕೆಳಗಿನ ತಿರುವಿನಲ್ಲಿ ರಿಕ್ಷಾ ಕಾಣುವ ಮೊದಲೇ ಒಳಗಿನ ಜಗಳ ಕೇಳಿಸಿತು. ಯಾರಾದರೂ ಬಂದರೆ ಒಳಗೆ ಹೋಗಿ ಅಡುಗೆಕೋಣೆಯ ಕಿಂಡಿಯಿಂದ ನೋಡುವುದು ನನ್ನ ಅಭ್ಯಾಸ, ನಿಮಗೆ ಗೊತ್ತು. ಅಂದು ಸೆರಗು ಕೂಡ ಸರಿ ಮಾಡಿಕೊಳ್ಳದೆ ಗೇಟಿಗೆ ಓಡಿದೆ. ಇಬ್ಬರೂ ಒಂದೇ ರಿಕ್ಷಾದಿಂದ ಇಳಿದರು. ಸುನಂದಮ್ಮನ ಕೈಯಲ್ಲಿ ಕುಂಕುಮದ ತಟ್ಟೆ.

"ಗಿರಿಜಾ, ಬರುವ ಆದಿತ್ಯವಾರ ನನ್ನ ಮೊಮ್ಮಗಳ ಮದುವೆ..."

"ಆದಿತ್ಯವಾರ ಅಲ್ಲ ಅಕ್ಕ, ಸೋಮವಾರ. ಆದಿತ್ಯವಾರ ಮೆಹಂದಿ."

"ನನ್ನ ಮೊಮ್ಮಗಳ ಮದುವೆ ನನಗೆ ಗೊತ್ತಿಲ್ವಾ?"

"ಗೊತ್ತಿದ್ದರೆ ಸರಿಯಾಗಿ ಹೇಳು. ಇವಳು ಬೆಳಿಗ್ಗೆಯೇ ಸೀರೆ ಉಟ್ಟುಕೊಂಡು ಬಂದು ಬೀಗ ಹಾಕಿದ ಮದುವೆ ಹಾಲಿನ ಎದುರು ನಿಲ್ಲಬೇಕಾ?"

ಸುನಂದಮ್ಮ ಸಿಟ್ಟಿನಿಂದ ತಟ್ಟೆಯನ್ನು ತಂಗಿಯ ಕೈಗೆ ತುರುಕಿದರು. "ಹಾಗಾದರೆ ನೀನೇ ಹೇಳು. ಎಲ್ಲ ನಿನಗೇ ಗೊತ್ತಲ್ಲ."

ವಿಮಲಮ್ಮ ತಟ್ಟೆ ಹಿಡಿದು, ಸೆರಗು ಹೊದ್ದುಕೊಂಡು, ನೆಟ್ಟಗೆ ನಿಂತರು.

"ಸೋಮವಾರ ನಮ್ಮ ಮನೆಯ ಮದುವೆ, ಗಿರಿಜಾ," ಎಂದರು. "ನೀನು ಬರಲೇಬೇಕು."